ಗೊಂಬೆಯ ಸೇನೆಯೂ ವಕ್ಕಲೇರಿಯ ತಾಮ್ರಪಟವೂ

ದೊಡ್ಡದನ್ನು ಚಿಕ್ಕದಾಗಿ ಮಾಡಿಕೊಂಡು ನೋಡುವುದರಲ್ಲಿ ಮನುಷ್ಯನಿಗೆ ಒಂದು ವಿಶೇಷವಾದ ಸಂತೋಷವುಂಟು. ಊರಿನ ತೇರನ್ನು ಕಂಡ ಮಕ್ಕಳು ಮರುದಿನವೇ ಬೆಂಡಿನಲ್ಲಿ ಪುಟ್ಟ ತೇರನ್ನು ಕಟ್ಟಿ ಎಳೆಯುತ್ತಾರೆ. ಮದುವೆಯ ಮನೆಯಿಂದ ಬಂದ ಹೆಣ್ಣುಮಕ್ಕಳು ಗೊಂಬೆಯ ಮದುವೆಯನ್ನು ಹೂಡುತ್ತಾರೆ. ದೇವಾಲಯದ ಶಿಲ್ಪಿಯು ಗೋಪುರದ ಮೈಮೇಲೆಯೇ ಕಿರುಗೋಪುರಗಳನ್ನು ಸಾಲಾಗಿ ಬಿಡಿಸುತ್ತಾನೆ. ಇವುಗಳಲ್ಲಿ ಯಾವುದನ್ನೂ ಯಾರೂ ಆಕ್ಷೇಪಿಸುವುದಿಲ್ಲ. ಆದರೆ ಯುದ್ಧವನ್ನು ಚಿಕ್ಕದಾಗಿ ಮಾಡಿ, ಮೇಜಿನ ಮೇಲೆ ಹರಡಿಕೊಂಡು ಆಡುವವನನ್ನು ಕಂಡಾಗ ಮಾತ್ರ ವಿಚಾರವಂತರ ಮನಸ್ಸಿನಲ್ಲಿ ಒಂದು ಅಳುಕು ಹುಟ್ಟುತ್ತದೆ. ಲೋಕದಲ್ಲಿ ನಿಜವಾಗಿಯೂ ಜನರು ಯುದ್ಧದಲ್ಲಿ ಸಾಯುತ್ತಿರುವಾಗ, ಆ ಸಾವಿನ ಪ್ರತಿಕೃತಿಯನ್ನು ವಿನೋದಕ್ಕಾಗಿ ಮಾಡಬಹುದೆ? ಮಾಡಿದವನ ಹೃದಯವು ಅದರಿಂದ ಒರಟಾಗುವುದೋ ಮೃದುವಾಗುವುದೋ? ಈ ಪ್ರಶ್ನೆಯನ್ನು ಇಲ್ಲಿ ಸ್ವಲ್ಪ ವಿಚಾರಮಾಡಿ ನೋಡೋಣ.

ಇದು ನಮಗೆ ದೂರದ ಪ್ರಶ್ನೆಯಲ್ಲ. ನಮ್ಮ ಸೀಮೆಯ ಮನೆಗಳಿಂದ ಬೆಂಗಳೂರಿನ ಉದ್ಯೋಗಗಳಿಗೆ ಹೋದ ತರುಣರಲ್ಲಿ ಕೆಲವರಿಗೆ ಈ ಹವ್ಯಾಸವು ಹತ್ತಿರುವುದನ್ನು ಕಂಡಿದ್ದೇನೆ. ಸೀಸ ತವರಗಳ ಬೆರಕೆಯಿಂದಲೋ ಪ್ಲಾಸ್ಟಿಕ್ಕಿನಿಂದಲೋ ಎರಕಹೊಯ್ದ ಸಿಪಾಯಿಗಳು ಪರದೇಶದಿಂದ ಅಂಚೆಯಲ್ಲಿ ಬರುತ್ತಾರೆ. ಬಹುಮಟ್ಟಿಗೆ ಇವರ ಎತ್ತರ 28 ಮಿಲಿಮೀಟರು, ಎಂದರೆ ಒಂದು ಅಂಗುಲಕ್ಕಿಂತ ಎಳ್ಳಷ್ಟು ಹೆಚ್ಚು. ಬರುವಾಗ ಇವರಿಗೆ ಬಣ್ಣವಿರುವುದಿಲ್ಲ. ಕೊಂಡವನೇ ಕುಂಚವನ್ನು ಹಿಡಿದು ಬಣ್ಣ ಹಾಕಬೇಕು. ಹಾಗೆ ಹಾಕಿ ಎರಡು ಪಕ್ಷದ ಸೈನ್ಯಗಳು ಸಿದ್ಧವಾದ ಮೇಲೆ, ಅಳತೆಗೋಲನ್ನೂ ದಾಳಗಳನ್ನೂ ಇಟ್ಟುಕೊಂಡು, ಗೊತ್ತಾದ ನಿಯಮಗಳ ಮೇರೆಗೆ ಇಬ್ಬರು ಎದುರುಬದುರಾಗಿ ಕುಳಿತು ಯುದ್ಧವನ್ನು ಆಡುತ್ತಾರೆ. ರೋಮನರು, ಮರಾಠರು, ನೆಪೋಲಿಯನ್ನನ ಕಾಲದವರು, ಹೀಗೆ ಯಾವ ಕಾಲದ ಸೈನ್ಯವನ್ನಾದರೂ ಆರಿಸಿಕೊಳ್ಳಬಹುದು. ನಾನು ಹತ್ತಿರದಿಂದ ನೋಡಿದ್ದು ಪ್ರಾಚೀನ ಈಜಿಪ್ಟಿನ ಸೈನ್ಯವೊಂದನ್ನು.

ಆ ಕೆಲಸದ ಕ್ರಮವನ್ನು ತಿಳಿದರೆ ಪ್ರಶ್ನೆಯು ಸ್ಪಷ್ಟವಾಗುತ್ತದೆ. ಮೊದಲು ಪ್ರೈಮರ್ ಎಂಬ ತಳಬಣ್ಣವನ್ನು ಬಳಿದು ಒಣಗಿಸುತ್ತಾರೆ. ಮೈಗೆ ಕಾವಿ ಬೆರೆತ ಕಂದುಬಣ್ಣ. ಏತಕ್ಕೆಂದರೆ ಈಜಿಪ್ಟಿನವರು ತಮ್ಮ ಗೋರಿಗಳ ಗೋಡೆಯ ಮೇಲೆ ಗಂಡಸರನ್ನು ಆ ಬಣ್ಣದಿಂದಲೂ ಹೆಂಗಸರನ್ನು ತಿಳಿಹಳದಿಯಿಂದಲೂ ಬರೆಯುವ ಸಂಪ್ರದಾಯವನ್ನಿಟ್ಟುಕೊಂಡಿದ್ದರು. ಸೊಂಟದ ನಾರುಬಟ್ಟೆಗೆ ನೇರವಾಗಿ ಬಿಳಿಯನ್ನು ಹಾಕಿದರೆ ಸುಣ್ಣ ಹೊಡೆದ ಹಾಗೆ ಕಾಣುತ್ತದೆಯೆಂದು, ಮೊದಲು ಧೂಳಿನ ಬಣ್ಣವನ್ನು ಹಾಕಿ, ಮಡಿಕೆಗಳ ಉಬ್ಬಿನ ಮೇಲೆ ಮಾತ್ರ ಬಿಳಿಯನ್ನು ಏರಿಸುತ್ತಾರೆ. ಅನಂತರ ಕಂದುಬಣ್ಣದ ತೆಳುವಾದ ನೀರನ್ನು ಹರಿಯಬಿಟ್ಟರೆ ಅದು ತಾನಾಗಿಯೇ ತಗ್ಗುಗಳನ್ನು ಸೇರಿ ನೆರಳಾಗಿ ನಿಲ್ಲುತ್ತದೆ. ಗುರಾಣಿಗಳು ಹಸುವಿನ ತೊಗಲು ಹೊದಿಸಿದವಾದ್ದರಿಂದ, ಒಂದೊಂದರ ಮೇಲೂ ಕರಿಯ, ಕೆಂಚು, ಮಚ್ಚೆಯ ಗುರುತುಗಳನ್ನು ಬೇರೆಬೇರೆಯಾಗಿ ಬಿಡಿಸಬೇಕು. ಹೀಗೆ ಮನಸ್ಸಿಟ್ಟು ಮಾಡುವವನಿಗೆ ಒಬ್ಬ ಸಿಪಾಯಿಗೆ ಒಂದೆರಡು ಗಂಟೆಗಳು ಹಿಡಿಯುತ್ತವೆ. ನೂರು ಮಂದಿಯ ಸೈನ್ಯಕ್ಕೆ ಒಂದು ವರ್ಷದ ಸಾಯಂಕಾಲಗಳೆಲ್ಲ ಬೇಕು.

ಹಲವರು ಕಣ್ಣನ್ನು ಕಡೆಯಲ್ಲಿ ಬಿಡಿಸುತ್ತಾರೆ. ಕುಂಚದ ಒಂದು ಕೂದಲ ತುದಿಯಿಂದ ಬಿಳಿಯ ಗೆರೆ, ಅದರ ನಡುವೆ ಕರಿಯ ಚುಕ್ಕೆ, ಅಷ್ಟೆ. ನಮ್ಮ ಶಿಲ್ಪಿಗಳು ದೇವತಾಮೂರ್ತಿಗೆ ಕಣ್ಣು ತೆರೆಯುವ ಕ್ರಿಯೆಯನ್ನು ಕೊನೆಗೆ ಇಟ್ಟುಕೊಂಡು ಅದನ್ನು ನೇತ್ರೋನ್ಮೀಲನವೆಂದು ಕರೆದು ಶಾಸ್ತ್ರೋಕ್ತವಾಗಿ ನಡೆಸುವುದನ್ನು ಪಾಠಕರು ಬಲ್ಲರು. ಆ ಕ್ಷಣದವರೆಗೆ ಕಲ್ಲಾಗಿದ್ದುದು ಆ ಕ್ಷಣದಿಂದ ನಮ್ಮನ್ನು ನೋಡತೊಡಗುತ್ತದೆ. ಅಂಗುಲದ ಸಿಪಾಯಿಯಲ್ಲಿಯೂ ಹಾಗೆಯೇ. ಚುಕ್ಕೆ ಬಿದ್ದೊಡನೆ ಅವನು ಒಂದು ವಸ್ತುವಾಗಿರುವುದು ತಪ್ಪಿ ಒಬ್ಬನಾಗುತ್ತಾನೆ. ಕಣ್ಣಿಲ್ಲದ ಸೀಸದ ತುಂಡನ್ನು ಮೇಜಿನಿಂದ ತೆಗೆದುಹಾಕುವುದು ಸುಲಭ. ನಾವೇ ಕಣ್ಣು ಕೊಟ್ಟವನನ್ನು ತೆಗೆದುಹಾಕುವುದು ಅಷ್ಟು ಸುಲಭವಾಗಿರಬಾರದು. ನಮ್ಮ ವಿಚಾರವೆಲ್ಲ ಈ ‘ಬಾರದು’ ಎಂಬುದರ ಸುತ್ತಲೇ ಇದೆ.

ಸಣ್ಣ ಸೈನ್ಯವನ್ನು ಮಾಡಿ ಬಣ್ಣ ಹಾಕುವುದು ಈ ಕಾಲದ ಹುಚ್ಚೆಂದು ತಿಳಿಯಬೇಕಾಗಿಲ್ಲ. ಈಜಿಪ್ಟಿನವರೇ ಅದನ್ನು ಮಾಡಿದ್ದರು. ನೈಲ್ ನದಿಯ ತೀರದ ಅಸ್ಯೂತ್ ಎಂಬಲ್ಲಿ ಮೆಸೆಹ್ತಿ ಎಂಬ ಪ್ರಾಂತಾಧಿಕಾರಿಯ ಗೋರಿಯಿಂದ 1894ರಲ್ಲಿ ಎರಡು ಮರದ ಸೈನ್ಯಗಳು ದೊರೆತವು. ಇಂದಿಗೆ ಸುಮಾರು 4000 ವರ್ಷಗಳ ಹಿಂದಿನವು. ಸುಮಾರು ಆರಡಿಯ ಒಂದು ಹಲಗೆಯ ಮೇಲೆ ಭರ್ಜಿ ಗುರಾಣಿಗಳನ್ನು ಹಿಡಿದ 40 ಮಂದಿ ಈಜಿಪ್ಟಿನವರು. ಇನ್ನೊಂದರ ಮೇಲೆ ಬಿಲ್ಲು ಬಾಣಗಳನ್ನು ಹಿಡಿದ 40 ಮಂದಿ ನೂಬಿಯದವರು. ನಾಲ್ಕು ನಾಲ್ಕು ಮಂದಿಯ ಸಾಲುಗಳಲ್ಲಿ, ಎಡಗಾಲನ್ನು ಮುಂದಿಟ್ಟು, ಎಲ್ಲರೂ ಒಂದೇ ದಿಕ್ಕಿಗೆ ನಡೆಯುತ್ತಿದ್ದಾರೆ. ವಿಶೇಷವೇನೆಂದರೆ, ಅವರು ಒಬ್ಬರಂತೆ ಒಬ್ಬರಿಲ್ಲ. ಒಬ್ಬನು ಎತ್ತರ, ಪಕ್ಕದವನು ಗಿಡ್ಡ. ಗುರಾಣಿಯ ತೊಗಲಿನ ಮಚ್ಚೆ ಒಬ್ಬನದು ಒಂದು ಬಗೆ, ಇನ್ನೊಬ್ಬನದು ಬೇರೊಂದು ಬಗೆ. ಪರಲೋಕದಲ್ಲಿ ಒಡೆಯನಿಗೆ ಕಾವಲಾಗಿರಲಿ ಎಂಬ ನಂಬಿಕೆಯಿಂದ ಮಾಡಿದ ಗೊಂಬೆಗಳಿಗೆ ಇಷ್ಟು ಭೇದಗಳೇಕೆ? ಕತ್ತಲೆಯ ಗೋರಿಯೊಳಗೆ ನೋಡುವವರು ಯಾರು? ಆ ಬಣ್ಣಗಾರನಿಗೆ ಸೈನ್ಯವೆಂಬುದು 40 ಎಂಬ ಸಂಖ್ಯೆಯಾಗಿರಲಿಲ್ಲ, 40 ಮನುಷ್ಯರಾಗಿತ್ತು ಎಂದು ಮಾತ್ರ ನಾವು ಊಹಿಸಬಹುದು.

ನಮ್ಮ ನಾಡಿನಲ್ಲಿಯೂ ಗೊಂಬೆಯ ಸೇನೆ ಹೊಸದಲ್ಲ. ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಗಳಲ್ಲಿ, ಪಟ್ಟದ ಗೊಂಬೆಗಳ ಕೆಳಗಣ ಮೆಟ್ಟಿಲಲ್ಲಿ, ಮೈಸೂರಿನ ಜಂಬೂಸವಾರಿಯ ಸಾಲೊಂದು ಇರುವುದುಂಟು: ಅಂಬಾರಿಯ ಆನೆ, ಕುದುರೆಯ ಸವಾರರು, ಕಾಲಾಳುಗಳು, ವಾದ್ಯದವರು. ನಮ್ಮ ತಾಯಂದಿರು ಅದನ್ನು ಒರಸಿ, ಬಣ್ಣ ಹೋದಲ್ಲಿ ಹಚ್ಚಿ, ಒಂಬತ್ತು ದಿನ ಆರತಿಯ ಬೆಳಕಿನಲ್ಲಿಟ್ಟು, ಮತ್ತೆ ಹಳೆಯ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿಸುತ್ತಾರೆ. ಆ ಸೇನೆಗೆ ಶತ್ರುವಿಲ್ಲ. ಅದು ಮೆರವಣಿಗೆಯಲ್ಲಿಯೇ ಹುಟ್ಟಿ ಮೆರವಣಿಗೆಯಲ್ಲಿಯೇ ಉಳಿಯುತ್ತದೆ. ಇನ್ನು ಕಾದಾಡುವ ಸೇನೆಯೆಂದರೆ ಚದುರಂಗ. ಆನೆ, ಕುದುರೆ, ರಥ, ಕಾಲಾಳು ಎಂಬ ಸೇನೆಯ ನಾಲ್ಕು ಅಂಗಗಳೇ ಆ ಆಟದ ಹೆಸರು. ಮುಮ್ಮಡಿ ಕೃಷ್ಣರಾಜ ಒಡೆಯರು ಇಂಥ ಆಟಗಳಲ್ಲಿ ಬಹಳ ಆಸಕ್ತಿಯುಳ್ಳವರಾಗಿ, ತಾವೇ ಹೊಸ ಆಟಗಳನ್ನು ಕಲ್ಪಿಸಿ, ಶ್ರೀತತ್ತ್ವನಿಧಿಯ ಕೌತುಕನಿಧಿ ಎಂಬ ಭಾಗದಲ್ಲಿ ಮಣೆಯಾಟಗಳಿಗೆ ಸ್ಥಾನ ಕೊಟ್ಟರು. ಚದುರಂಗವನ್ನಾಡಿ ಯಾರೂ ಕ್ರೂರರಾದುದನ್ನು ಕೇಳಿಲ್ಲ. ಆದರೆ ಇದರಿಂದಲೇ ನಮ್ಮ ಪ್ರಶ್ನೆಯು ತೀರಿತೆನ್ನಲಾಗದು. ಚದುರಂಗದ ಕಾಲಾಳಿಗೆ ಮುಖವಿಲ್ಲ. ಅವನು ಮನುಷ್ಯನೆಂಬುದನ್ನು ಆಟವು ಎಂದೋ ಮರೆತಿದೆ. ಈ ಬಣ್ಣದ ಸೇನೆಯಾದರೋ ಮರೆತುದನ್ನು ಮತ್ತೆ ನೆನಪಿಗೆ ತಂದು, ಮುಖವನ್ನು ಕೊಟ್ಟು, ಆಮೇಲೆ ಕೊಲ್ಲುತ್ತದೆ.

ಇಲ್ಲಿ ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಕೇಳಬೇಕು. ಕನ್ನಡದಲ್ಲಿ ಆ ಪಕ್ಷವನ್ನು ವಹಿಸಿದವನು ಸಾಮಾನ್ಯನಲ್ಲ, ಮಹಾಕವಿ ಜನ್ನ. 1209ರಲ್ಲಿ ಅವನು ರಚಿಸಿದ ಯಶೋಧರ ಚರಿತೆಯ ಕಥೆ ಎಲ್ಲರಿಗೂ ತಿಳಿದುದೇ. ಯಶೋಧರನು ಜೀವವಧೆಗೆ ಒಪ್ಪುವುದಿಲ್ಲ. ತಾಯಿಯ ಒತ್ತಾಯಕ್ಕೆ ಕಟ್ಟುಬಿದ್ದು, ನಿಜವಾದ ಕೋಳಿಗೆ ಬದಲಾಗಿ ಹಿಟ್ಟಿನ ಕೋಳಿಯನ್ನು ಬಲಿಕೊಡಲು ಒಡಂಬಡುತ್ತಾನೆ. ಕತ್ತಿ ಬಿದ್ದಾಗ ಹಿಟ್ಟಿನ ಕೋಳಿ ಕೂಗುತ್ತದೆ. ಆ ಒಂದು ಸಂಕಲ್ಪಹಿಂಸೆಯ ಫಲವಾಗಿ ತಾಯಿಯೂ ಮಗನೂ ತಿರ್ಯಗ್ಜನ್ಮಗಳಲ್ಲಿ ಹುಟ್ಟಿ ಹುಟ್ಟಿ ನೋಯುತ್ತಾರೆ. ಹಿಟ್ಟಾದರೇನು, ಸೀಸವಾದರೇನು? ಕೈ ಕೊಲ್ಲದೆ ಇದ್ದರೂ ಮನಸ್ಸು ಕೊಂದಿತಲ್ಲ! ಪ್ರತಿಕೃತಿಯು ಚೆಲುವಾದಷ್ಟೂ, ಜೀವಕಳೆಯುಳ್ಳದ್ದಾದಷ್ಟೂ, ಕೊಂದ ಮನಸ್ಸಿನ ಹೊಣೆ ಹೆಚ್ಚೇ ಆಗಬೇಕಲ್ಲವೆ? ಹಾಗೆ ನೋಡಿದರೆ ಒಂದೆರಡು ಗಂಟೆ ಕುಳಿತು ಕಣ್ಣು ಬಿಡಿಸಿದವನಿಗಿಂತ ಕಣ್ಣಿಲ್ಲದ ಕಾಲಾಳನ್ನು ಆಡಿಸಿದವನೇ ಮೇಲು.

ಈ ವಾದವನ್ನು ಹಗುರವಾಗಿ ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ. ಆದರೂ ಒಂದು ಭೇದವನ್ನು ಗಮನಿಸಬೇಕು. ಹಿಟ್ಟಿನ ಕೋಳಿಯನ್ನು ಮಾಡಿದ್ದು ಕೊಲ್ಲುವುದಕ್ಕಾಗಿಯೇ. ಅದರ ಸಾವಿನಿಂದ ಒಂದು ಫಲ ಬರಬೇಕೆಂಬ ಆಸೆ ಅಲ್ಲಿತ್ತು. ನಿಜವಾದ ಬಲಿಯ ಸ್ಥಾನದಲ್ಲಿಯೇ ಅದು ನಿಂತಿತ್ತು. ಬಣ್ಣದ ಸಿಪಾಯಿಯನ್ನು ಮಾಡಿದವನು ಅವನ ಸಾವನ್ನು ಬಯಸುವುದಿಲ್ಲ. ತನ್ನ ಸಾಲು ಒಡೆಯದೆ ಉಳಿಯಲೆಂದೇ ಬಯಸುತ್ತಾನೆ. ಬೀಳುವುದು ಆಟದ ಗತಿ, ಸಂಕಲ್ಪದ ಗುರಿಯಲ್ಲ. ಈ ಭೇದವು ನಿಜ. ಆದರೆ ಅದು ಸಾಕೆ? ತನ್ನ ಸಾಲು ಉಳಿಯಲೆಂದು ಬಯಸುವವನು ಎದುರಿನ ಸಾಲು ಬೀಳಲೆಂದೂ ಬಯಸುತ್ತಾನಷ್ಟೆ. ಲೋಕದಲ್ಲಿ ನಿಜವಾದ ಯುದ್ಧಗಳನ್ನು ಹೂಡಿದವರಲ್ಲಿ ಬಹುಮಂದಿಯ ಸಂಕಲ್ಪವೂ ಇದಕ್ಕಿಂತ ಬೇರೆಯಾಗಿರಲಿಲ್ಲ.

ಆಟವು ಆಟವಾಗಿಯೇ ಉಳಿಯುತ್ತದೆಂಬ ನೆಚ್ಚಿಕೆಯೂ ಇಲ್ಲ. ಪ್ರಷ್ಯ ದೇಶದ ರೈಸ್‌ವಿಟ್ಸ್ ಎಂಬವನು 1812ರಲ್ಲಿ ತನ್ನ ದೊರೆಗೆ ಒಂದು ಯುದ್ಧದಾಟದ ಮೇಜನ್ನು ಮಾಡಿ ಒಪ್ಪಿಸಿದನು. ಅವನ ಮಗನು 1824ರಲ್ಲಿ ಅದನ್ನು ಭೂಪಟದ ಮೇಲೆ ಆಡುವಂತೆ ತಿದ್ದಿ ನಿಯಮಗಳನ್ನು ಪ್ರಕಟಿಸಿದನು. ಅದು ಸೇನಾಧಿಕಾರಿಗಳ ಶಿಕ್ಷಣವಾಯಿತು. ಬೇರೆ ದೇಶದ ಸೈನ್ಯಗಳೂ ಅದನ್ನು ಅನುಸರಿಸಿದವು. ಇದಕ್ಕೆ ಪ್ರತಿಯಾಗಿ ಇನ್ನೊಂದು ನಿದರ್ಶನವನ್ನು ಹೇಳಬೇಕು. ಇಂಗ್ಲೆಂಡಿನ ಪ್ರಸಿದ್ಧ ಲೇಖಕನಾದ ಎಚ್. ಜಿ. ವೆಲ್ಸನು ತವರದ ಸಿಪಾಯಿಗಳಿಂದ ನೆಲದ ಮೇಲೆ ಆಡುವ ಯುದ್ಧದಾಟವನ್ನು ಕುರಿತು 1913ರಲ್ಲಿ ಒಂದು ಪುಸ್ತಕವನ್ನು ಬರೆದನು. ಅದರ ಕೊನೆಯಲ್ಲಿ ಅವನು ಹೇಳಿದ್ದರ ಸಾರವಿಷ್ಟು: ಈ ಪುಟ್ಟ ಯುದ್ಧವನ್ನು ಮೂರು ನಾಲ್ಕು ಬಾರಿ ಆಡಿದವನಿಗೆ ದೊಡ್ಡ ಯುದ್ಧವೆಂಬುದು ಎಷ್ಟು ಮೂಢವಾದ ವ್ಯವಹಾರವೆಂಬುದು ತಾನಾಗಿಯೇ ತಿಳಿಯುತ್ತದೆ. ಮರುವರ್ಷ, 1914ರಲ್ಲಿ, ದೊಡ್ಡ ಯುದ್ಧವು ಬಂದೇ ಬಂದಿತು. ಹೀಗೆ ಒಂದೇ ಬಗೆಯ ಆಟದಿಂದ ಒಬ್ಬರು ಯುದ್ಧವನ್ನು ಕಲಿತರು, ಮತ್ತೊಬ್ಬನು ಯುದ್ಧದ ಮೇಲೆ ಜುಗುಪ್ಸೆಯನ್ನು ಕಲಿತನು. ಆದಕಾರಣ ಗುಣವಾಗಲಿ ದೋಷವಾಗಲಿ ಆಟದಲ್ಲಿಯೇ ಇದೆಯೆನ್ನುವುದು ಸರಿಯಲ್ಲ. ಆಟದಲ್ಲಿ ಏನು ಬಿಟ್ಟುಹೋಗಿದೆ, ಅದನ್ನು ಆಡುವವನು ಬಲ್ಲನೆ, ಎಂಬುದನ್ನು ನೋಡಬೇಕು.

ಬಿಟ್ಟುಹೋದುದು ಯಾವುದೆಂಬುದನ್ನು ನನಗೆ ತೋರಿಸಿಕೊಟ್ಟವರು ಸೈನ್ಯದಲ್ಲಿ ಬಹುಕಾಲ ಸೇವೆಮಾಡಿ ನಿವೃತ್ತರಾಗಿ ಊರಿಗೆ ಬಂದಿದ್ದ ಹಿರಿಯರೊಬ್ಬರು. ಅವರ ತಮ್ಮನ ಮಗನೇ ಮೇಲೆ ಹೇಳಿದ ಈಜಿಪ್ಟಿನ ಸೈನ್ಯದ ಒಡೆಯ. ಹುಡುಗನು ಆಟದ ಕ್ರಮವನ್ನೆಲ್ಲ ವಿವರಿಸಿದನು. ಅವರು ಒಬ್ಬ ಭರ್ಜಿಯವನನ್ನು ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, “ಬಹಳ ಚೆನ್ನಾಗಿ ಮಾಡಿದ್ದೀಯಪ್ಪ. ಬಿದ್ದವರನ್ನು ಎಲ್ಲಿ ಇಡುತ್ತೀಯೆ?” ಎಂದು ಕೇಳಿದರು.

“ಡಬ್ಬಿಯಲ್ಲಿ, ದೊಡ್ಡಪ್ಪ.”

“ಆಮೇಲೆ?”

“ಮುಂದಿನ ಆಟಕ್ಕೆ ಮತ್ತೆ ತೆಗೆಯುವುದು.”

ಅವರು ಭರ್ಜಿಯವನನ್ನು ಅವನ ಸಾಲಿನಲ್ಲಿಯೇ ಜೋಪಾನವಾಗಿ ನಿಲ್ಲಿಸಿ, “ಒಳ್ಳೆಯ ಡಬ್ಬಿ,” ಎಂದರು. ಅದಕ್ಕಿಂತ ಹೆಚ್ಚಾಗಿ ಒಂದು ಮಾತನ್ನೂ ಆಡಲಿಲ್ಲ. ಅವರ ದನಿಯಲ್ಲಿ ಹಾಸ್ಯವಿರಲಿಲ್ಲ, ಆಕ್ಷೇಪಣೆಯೂ ಇರಲಿಲ್ಲ. ತಾವು ಕಂಡ ಯಾವ ರಣರಂಗದಲ್ಲಿಯೂ ಇಂಥ ಡಬ್ಬಿ ಇರಲಿಲ್ಲವೆಂಬ ಒಂದು ಸಂಗತಿ ಮಾತ್ರ ಇತ್ತು.

ಆಟದ ಡಬ್ಬಿಯು ಸಾವನ್ನು ಮರೆಸುತ್ತದೆ. ಅದು ಒಂದು ಕೊರತೆ. ಆದರೆ ಅದು ಎಲ್ಲರಿಗೂ ಕಾಣುವ ಕೊರತೆ. ಅದಕ್ಕಿಂತ ಆಳವಾದ ಇನ್ನೊಂದುಂಟು. ಆಟವು ಗೆಲವಿಗೆ ಮುಗಿದುಹೋಗುತ್ತದೆ. ಒಬ್ಬನು ಗೆದ್ದನೆಂದು ತೀರ್ಮಾನವಾದೊಡನೆ ಇಬ್ಬರೂ ನಕ್ಕು ಕಾಫಿಗೆ ಏಳುತ್ತಾರೆ. ನಿಜವಾದ ಯುದ್ಧದಲ್ಲಿಯಾದರೋ ಕಠಿನವಾದ ಪ್ರಶ್ನೆಗಳು ಆಗ ತಾನೆ ಬಾಗಿಲು ತಟ್ಟುತ್ತವೆ. ಸೋತ ಊರನ್ನು ಏನು ಮಾಡಬೇಕು? ಸೆರೆಸಿಕ್ಕವರನ್ನು? ಅವರ ದೇವಸ್ಥಾನವನ್ನು, ಬೆಳೆಯನ್ನು, ಮನೆಯೊಳಗಿನ ಮುದುಕರನ್ನು? ಮೇಜಿನ ಮೇಲೆ ಊರಿಲ್ಲ; ಇದ್ದರೂ ಅದು ಕಾಗದದ ಗೋಡೆ. ಆದಕಾರಣ ಗೆದ್ದವನ ಧರ್ಮವೇನೆಂಬುದು ಅಲ್ಲಿ ಹುಟ್ಟುವುದೇ ಇಲ್ಲ.

ಈಜಿಪ್ಟಿನ ಸೈನ್ಯವನ್ನು ಮಾಡಿದವರು ಬಹುಮಟ್ಟಿಗೆ ಆಡಬಯಸುವುದು ಕಾದೇಶದ ಯುದ್ಧವನ್ನು. ಕ್ರಿ. ಪೂ. 1274ರ ಸುಮಾರಿನಲ್ಲಿ ಎರಡನೆಯ ರಾಮೆಸ್ಸಿಸನಿಗೂ ಹಿಟ್ಟೈಟರ ದೊರೆ ಮುವಾತಳ್ಳಿಗೂ ನಡೆದ ಈ ರಥಯುದ್ಧದಲ್ಲಿ ಯಾರಿಗೂ ನಿರ್ಣಯವಾದ ಜಯ ಸಿಕ್ಕಲಿಲ್ಲ. ಆದರೂ ರಾಮೆಸ್ಸಿಸನು ತಾನೇ ಗೆದ್ದೆನೆಂದು ದೇವಾಲಯದಿಂದ ದೇವಾಲಯಕ್ಕೆ ಗೋಡೆಗಳ ಮೇಲೆ ಕೆತ್ತಿಸಿದನು. ಆ ಚಿತ್ರಗಳಲ್ಲಿ ಒಂದು ಸಣ್ಣ ದೃಶ್ಯವುಂಟು: ನದಿಯಲ್ಲಿ ಮುಳುಗಿದ ಅಲೆಪ್ಪೊ ನಗರದ ಒಡೆಯನನ್ನು ಅವನ ಕಡೆಯವರು ತಲೆಕೆಳಗಾಗಿ ಹಿಡಿದು, ಕುಡಿದ ನೀರನ್ನು ಕಕ್ಕಿಸುತ್ತಿದ್ದಾರೆ. ಶತ್ರುವನ್ನು ನಗೆಗೀಡು ಮಾಡಲೆಂದೇ ಅದನ್ನು ಬರೆದಿರಬಹುದು. ಆದರೆ ಇಂದು ನೋಡುವವರ ಕಣ್ಣಿಗೆ, ರಥವನ್ನೇರಿದ ದೊರೆಗಿಂತ, ಒಡೆಯನನ್ನು ಬದುಕಿಸಲು ಹೆಣಗುತ್ತಿರುವ ಆ ಕೈಗಳೇ ಮೊದಲು ಕಾಣುತ್ತವೆ. ಯುದ್ಧವಾಗಿ ಹದಿನೈದು ವರ್ಷಗಳಾದ ಮೇಲೆ ಎರಡು ರಾಜ್ಯಗಳೂ ಸಂಧಿಮಾಡಿಕೊಂಡವು. ಆ ಸಂಧಿಪತ್ರದ ಪ್ರತಿಯೊಂದು ಈಗಲೂ ವಿಶ್ವಸಂಸ್ಥೆಯ ಕಟ್ಟಡದಲ್ಲಿದೆ. ಮೇಜಿನ ಆಟದಲ್ಲಿ ರಥಗಳೆಲ್ಲ ಉಂಟು. ಆ ಹದಿನೈದು ವರ್ಷಗಳಿಲ್ಲ.

ಗೆದ್ದ ಮೇಲಿನ ಮಾತಿಗೆ ಬಂದೆವಾದ್ದರಿಂದ ನಮ್ಮ ಜಿಲ್ಲೆಗೇ ಮರಳೋಣ. ಕೋಲಾರ ತಾಲ್ಲೂಕಿನ ವಕ್ಕಲೇರಿಯ ಹೆಸರು ಚರಿತ್ರಕಾರರ ಪುಸ್ತಕಗಳಲ್ಲಿ ಶಾಶ್ವತವಾಗಿ ನಿಂತಿರುವುದು ಅಲ್ಲಿ ದೊರೆತ ತಾಮ್ರಪಟಗಳಿಂದ. ಬಾದಾಮಿಯ ಚಾಲುಕ್ಯರ ಕೊನೆಯ ದೊರೆಯಾದ ಎರಡನೆಯ ಕೀರ್ತಿವರ್ಮನು ಶಕ 679ರ, ಎಂದರೆ ಕ್ರಿ. ಶ. 757ರ, ಭಾದ್ರಪದ ಪೌರ್ಣಮಿಯಂದು, ಭೀಮಾನದಿಯ ಉತ್ತರ ದಡದಲ್ಲಿ ಬೀಡುಬಿಟ್ಟಿದ್ದಾಗ, ಪಾನುಂಗಲ್ಲು ಎಂಬ ಹಾನುಗಲ್ಲಿನ ಸೀಮೆಯಲ್ಲಿ ಮಾಡಿದ ಭೂದಾನವನ್ನು ಅವು ಹೇಳುತ್ತವೆ. ದಾನದ ವಿಷಯ ಸ್ವಲ್ಪ. ವಂಶದ ಪ್ರಶಂಸೆಯೇ ಹೆಚ್ಚು. ಆ ಪ್ರಶಂಸೆಯ ಮುಕುಟಮಣಿ ಕೀರ್ತಿವರ್ಮನ ತಂದೆ ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದ ಪ್ರಸಂಗ.

ಅದರ ಹಿನ್ನೆಲೆಯನ್ನು ನೆನೆಯಬೇಕು. ಸುಮಾರು ನೂರು ವರ್ಷಗಳ ಹಿಂದೆ, 642ರಲ್ಲಿ, ಪಲ್ಲವ ನರಸಿಂಹವರ್ಮನು ಚಾಲುಕ್ಯರ ರಾಜಧಾನಿ ವಾತಾಪಿಯನ್ನು ಹಿಡಿದು, ವಾತಾಪಿಯನ್ನು ಕೊಂಡವನೆಂಬ ಬಿರುದನ್ನು ಧರಿಸಿದ್ದನು. ಆ ಅವಮಾನವು ತಲೆಮಾರುಗಳಿಂದ ಉರಿಯುತ್ತಿತ್ತು. ಪಲ್ಲವರನ್ನು ಶಾಸನವು ಪ್ರಕೃತಿಯಿಂದಲೇ ಶತ್ರುಗಳೆಂದು ಕರೆಯುತ್ತದೆ. ವಿಕ್ರಮಾದಿತ್ಯನು ತುಂಡಾಕ ವಿಷಯಕ್ಕೆ ತ್ವರೆಯಿಂದ ನುಗ್ಗಿ, ಎದುರಾದ ನಂದಿಪೋತವರ್ಮನನ್ನು ಓಡಿಸಿ, ಕಟುಮುಖವೆಂಬ ವಾದ್ಯವನ್ನೂ, ಸಮುದ್ರಘೋಷವೆಂಬುದನ್ನೂ, ಖಟ್ವಾಂಗಧ್ವಜವನ್ನೂ, ಆನೆಗಳನ್ನೂ, ಮಾಣಿಕ್ಯದ ರಾಶಿಯನ್ನೂ ವಶಪಡಿಸಿಕೊಂಡನು. ಇಲ್ಲಿಯವರೆಗಿನದು ಮೇಜಿನ ಮೇಲೆ ಆಡಬಹುದಾದ ಯುದ್ಧ. ಒಂದು ಪಕ್ಷವು ಓಡಿತು, ಧ್ವಜವು ಸಿಕ್ಕಿತು, ಆಟ ಮುಗಿಯಿತು.

ಆದರೆ ಶಾಸನವು ಅಲ್ಲಿಗೆ ನಿಲ್ಲುವುದಿಲ್ಲ. ವಿಕ್ರಮಾದಿತ್ಯನು ಕಂಚಿಯನ್ನು ಹಾಳುಮಾಡದೆ ಪ್ರವೇಶಿಸಿದನೆಂದೂ, ಬ್ರಾಹ್ಮಣರನ್ನೂ ದೀನರನ್ನೂ ಅನಾಥರನ್ನೂ ದಾನದಿಂದ ಸಂತೋಷಪಡಿಸಿದನೆಂದೂ, ನರಸಿಂಹಪೋತವರ್ಮನು ಕಟ್ಟಿಸಿದ್ದ ರಾಜಸಿಂಹೇಶ್ವರ ಮೊದಲಾದ ಕಲ್ಲಿನ ದೇವಾಲಯಗಳಿಗೆ ಚಿನ್ನದ ರಾಶಿಯನ್ನು ಹಿಂದಕ್ಕೆ ಅರ್ಪಿಸಿದನೆಂದೂ ಅದು ಮುಂದುವರಿಯುತ್ತದೆ. ಗೆದ್ದ ರಾಜನ ಶಾಸನದಲ್ಲಿ ಸೋತ ವಂಶದ ರಾಜನ ಹೆಸರು, ಇಂಥ ದೇವಾಲಯವನ್ನು ಕಟ್ಟಿಸಿದವನೆಂಬ ಗೌರವದೊಡನೆ ಬಂದಿರುವುದನ್ನು ಗಮನಿಸಿರಿ. ಈಗ ಕೈಲಾಸನಾಥವೆಂದು ಹೆಸರಾದ ಆ ದೇವಾಲಯದ ಕಂಬವೊಂದರ ಮೇಲೆ, ತಮಿಳು ನಾಡಿನ ನಡುವೆ, ವಿಕ್ರಮಾದಿತ್ಯನ ಕನ್ನಡ ಶಾಸನವು ಇಂದಿಗೂ ಇದ್ದು ಇದೇ ಸಂಗತಿಯನ್ನು ಹೇಳುತ್ತದೆ.

ರಾಜರ ಪ್ರಶಸ್ತಿಯನ್ನು ನಂಬಬಹುದೆ ಎಂದು ಪಾಠಕರು ಕೇಳಬಹುದು. ಕೇಳಬೇಕಾದುದೇ. ಅದೇ ಪಟವು ಪಾಂಡ್ಯ ಚೋಳ ಕೇರಳಾದಿಗಳನ್ನು ಅವನ ಪ್ರತಾಪವು ಸುಟ್ಟಿತೆಂದೂ ಹಿಗ್ಗುತ್ತದೆ. ಆ ಹಿಗ್ಗಿನ ಅಡಿಯಲ್ಲಿ ಎಷ್ಟು ಹಳ್ಳಿಗಳ ಬೂದಿಯಿದೆಯೋ! ಇನ್ನೂ ಒಂದು ಸಂಗತಿ: ವಾದ್ಯಕ್ಕೆ ಹೆಸರಿದೆ, ಧ್ವಜಕ್ಕೆ ಹೆಸರಿದೆ; ಕಂಚಿಯ ದಾರಿಯಲ್ಲಿ ಸತ್ತ ಕಾಲಾಳುಗಳಲ್ಲಿ ಒಬ್ಬನಿಗೂ ಹೆಸರಿಲ್ಲ. ಯುದ್ಧವನ್ನು ಚಿಕ್ಕದು ಮಾಡುವುದರಲ್ಲಿ ತಾಮ್ರಪಟವು ಮೇಜಿನ ಆಟಕ್ಕೆ ಏನೂ ಕಡಮೆಯಲ್ಲ. ಸಾವಿರಾರು ಜನರ ದಂಡಯಾತ್ರೆಯು ಅಲ್ಲಿ ಒಂದು ಸಂಸ್ಕೃತ ಸಮಾಸವಾಗಿದೆ. ಆದರೂ ಅದರ ಹೆಮ್ಮೆಯ ಸ್ಥಾನವನ್ನು ನೋಡಬೇಕು. ರಾಜನು ನಡೆದದ್ದಕ್ಕಿಂತ ಚೆನ್ನಾಗಿ ಬರೆಸಿಕೊಂಡಿರಬಹುದು. ಆದರೆ ಯಾವುದನ್ನು ಹೊಗಳಿಕೆಯೆಂದು ತಿಳಿದನೋ ಅದು ಸುಳ್ಳಲ್ಲ. ಊರನ್ನು ಸುಡದೆ ಬಿಟ್ಟೆನೆಂಬುದು ಗೆದ್ದವನಿಗೆ ಭೂಷಣವೆಂದು ಆ ಕಾಲದ ಕನ್ನಡ ದೊರೆಯೊಬ್ಬನಿಗೆ ತೋರಿತ್ತು. ವಾತಾಪಿಯ ನೆನಪಿದ್ದೂ ತೋರಿತ್ತು. ಪಟವು ಬರೆದ ಸ್ವಲ್ಪ ಕಾಲದಲ್ಲಿಯೇ ರಾಷ್ಟ್ರಕೂಟರ ಮುಂದೆ ಚಾಲುಕ್ಯರ ರಾಜ್ಯವು ಅಳಿದುಹೋಯಿತು. ಗೆದ್ದ ಆನೆಗಳು ಹೋದವು, ಮಾಣಿಕ್ಯವು ಹೋಯಿತು. ಸುಡದೆ ಬಿಟ್ಟ ದೇವಾಲಯವು ಮಾತ್ರ ನಿಂತಿದೆ.

ತಾಮ್ರಪಟವು ಬಿಟ್ಟದ್ದನ್ನು ಹಿಡಿದಿಟ್ಟ ಕಲ್ಲುಗಳೂ ನಮ್ಮಲ್ಲಿ ಉಂಟು. ಕೋಲಾರದ ಹಳೆಯ ಹೆಸರಾದ ಕುವಳಾಲಪುರದ ಒಡೆಯರೆಂದು ಹೇಳಿಕೊಂಡವರು ಗಂಗರು. ಆ ವಂಶದ ಶ್ರೀಪುರುಷನ ಕಾಲದ ವೀರಗಲ್ಲೊಂದು 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ದೊರೆಯಿತು. ಅದರ ಕಾಲ ಸುಮಾರು ಕ್ರಿ. ಶ. 750, ವಕ್ಕಲೇರಿಯ ಪಟಕ್ಕೆ ಹತ್ತು ವರ್ಷಗಳೊಳಗಿನ ಅಂತರ. ಕಾಳಗದಲ್ಲಿ ಮಡಿದ ಕಿತ್ತಯ್ಯನೆಂಬವನನ್ನು ಅದು ಕನ್ನಡದಲ್ಲಿ ಹೆಸರಿಸುತ್ತದೆ, ಅವನ ಆಕೃತಿಯನ್ನೂ ಕೆತ್ತಿ ತೋರಿಸುತ್ತದೆ. ಅವನು ಕಂಚಿಯನ್ನು ಗೆದ್ದವನಲ್ಲ. ಚರಿತ್ರೆಯು ಅವನಿಂದ ತಿರುಗಲಿಲ್ಲ. ಆದರೆ ಅವನು ಬಿದ್ದಾಗ ಯಾರೋ ಒಬ್ಬರು ಕಲ್ಲನ್ನು ತರಿಸಿ, ಕೆತ್ತುವವನಿಗೆ ಕೂಲಿ ಕೊಟ್ಟು, ಇವನು ಇಂಥವನೆಂದು ನಿಲ್ಲಿಸಿದರು. ನಮ್ಮ ಊರುಗಳ ಕೆರೆಯ ಏರಿಗಳ ಮೇಲೂ ಗುಡಿಗಳ ಮಗ್ಗುಲಲ್ಲಿಯೂ ಓರೆಯಾಗಿ ನಿಂತಿರುವ ವೀರಗಲ್ಲುಗಳು ಇದೇ ಕೆಲಸವನ್ನು ಮಾಡಿದವು. ತುರುಗಳನ್ನು ಬಿಡಿಸಲು ಹೋಗಿ ಸತ್ತ ರೈತನಿಗೂ ಅಲ್ಲಿ ಗೇಣು ಜಾಗವಿದೆ. ಅವುಗಳಲ್ಲಿ ಎಷ್ಟೋ ಕಲ್ಲುಗಳ ಕೆಳಗಣ ಅಂತಸ್ತಿನಲ್ಲಿ ಯುದ್ಧವೂ ಮೇಲಣ ಅಂತಸ್ತುಗಳಲ್ಲಿ ಸ್ವರ್ಗವೂ ಇರುತ್ತವೆ. ಅದು ಬಿದ್ದವನನ್ನು ಮರೆಸುವ ಡಬ್ಬಿಯಲ್ಲ, ಮರೆಯಗೊಡದ ಡಬ್ಬಿ.

ಹಾಗಾದರೆ ಯುದ್ಧವನ್ನು ಚಿಕ್ಕದು ಮಾಡುವ ದಾರಿ ಎರಡೆಂದಾಯಿತು. ಒಂದರಲ್ಲಿ ಮನುಷ್ಯರು ಸಂಖ್ಯೆಯಾಗುತ್ತಾರೆ. ಇನ್ನೊಂದರಲ್ಲಿ ಸಂಖ್ಯೆಯೊಳಗಿಂದ ಒಬ್ಬೊಬ್ಬ ಮನುಷ್ಯನು ಹೊರಗೆ ಬರುತ್ತಾನೆ. ಬಣ್ಣದ ಸೇನೆಯನ್ನಿಟ್ಟುಕೊಂಡವನು ಎರಡು ದಾರಿಗಳಲ್ಲಿಯೂ ನಡೆಯುತ್ತಾನೆಂಬುದೇ ಅವನ ಸ್ಥಿತಿಯ ವಿಶೇಷ. ಕುಂಚ ಹಿಡಿದಾಗ ಅವನು ಅಸ್ಯೂತಿನ ಬಣ್ಣಗಾರನ, ಹೆಬ್ಬಾಳದ ಕಲ್ಲುಕುಟಿಗನ ಬಳಗದವನು. ದಾಳ ಹಿಡಿದಾಗ ದಂಡನಾಯಕರ ಬಳಗದವನು. ಒಂದೇ ಮೇಜು, ಒಂದೇ ದೀಪ, ಒಂದೇ ಕೈ. ಈ ಎರಡು ಬಳಗಗಳು ಲೋಕದಲ್ಲಿ ಪರಸ್ಪರ ಸಂಧಿಸುವುದು ಅಪೂರ್ವ. ಸೈನ್ಯವನ್ನು ಕಳುಹಿಸುವವನು ಸಿಪಾಯಿಯ ಮುಖದ ಮುಂದೆ ಎರಡು ಗಂಟೆ ಕುಳಿತಿರುವುದಿಲ್ಲ. ಕುಳಿತವನಿಗೆ ಸೈನ್ಯವನ್ನು ಕಳುಹಿಸುವ ಅಧಿಕಾರವಿರುವುದಿಲ್ಲ. ಒಬ್ಬನಲ್ಲಿಯೇ ಇಬ್ಬರೂ ಕೂಡಿದ್ದಾಗ, ಕುಂಚದವನು ಕಂಡದ್ದನ್ನು ದಾಳದವನು ಮರೆಯದಿದ್ದರೆ, ಆ ಆಟವು ವಿವೇಕದ ಅಭ್ಯಾಸವಾದೀತು. ಮರೆತರೆ ಜನ್ನನ ಹಿಟ್ಟಿನ ಕೋಳಿ ಅಲ್ಲಿಯೂ ಕೂಗೀತು.

ಆದ್ದರಿಂದ ಇಂಥ ಹವ್ಯಾಸವುಳ್ಳ ತರುಣನು ಮನೆಯಲ್ಲಿದ್ದರೆ ಹಿರಿಯರು ಅವನ 28 ಮಿಲಿಮೀಟರಿನ ಸಿಪಾಯಿಗಳನ್ನು ಕಸದೊಡನೆ ಗುಡಿಸಿಹಾಕಬೇಕಾಗಿಲ್ಲ. ಬರಿಯ ಮಕ್ಕಳಾಟವೆಂದು ಉದಾಸೀನರಾಗಿರಲೂಬಾರದು. ಎರಡು ಸಂಗತಿಗಳನ್ನು ಅವನಿಗೆ ಸ್ನೇಹದಿಂದ ಸೂಚಿಸಬಹುದು. ಶತ್ರುವಿನ ಸೈನ್ಯಕ್ಕೂ ತನ್ನ ಸೈನ್ಯಕ್ಕೆ ಹಾಕಿದಷ್ಟೇ ಶ್ರದ್ಧೆಯಿಂದ ತಾನೇ ಬಣ್ಣ ಹಾಕಲಿ. ಹಿಟ್ಟೈಟನ ಕಣ್ಣಿಗೂ ಅದೇ ಕೂದಲ ತುದಿ, ಅದೇ ಉಸಿರು ಹಿಡಿದ ಕ್ಷಣ ಸಲ್ಲಲಿ. ಮತ್ತು ಗೆದ್ದ ದಿನ ಮೇಜನ್ನು ಬರಿದುಮಾಡುವ ಮೊದಲು, ಈಗ ಆ ಊರನ್ನು ಏನು ಮಾಡುವೆ, ಎಂದು ಅವನನ್ನು ಒಂದು ಸಾರಿ ಕೇಳಿರಿ. ನಿಯಮಗಳ ಪುಸ್ತಕದಲ್ಲಿ ಅದಕ್ಕೆ ಉತ್ತರವಿರುವುದಿಲ್ಲ. ವಕ್ಕಲೇರಿಯ ತಾಮ್ರಪಟದಲ್ಲಿ ಅರ್ಧ ಉತ್ತರವಿದೆ. ಉಳಿದರ್ಧವನ್ನು ಅವನೂ ನಾವೂ ಕೂಡಿಯೇ ಹುಡುಕಬೇಕಾಗಿದೆ. ಏತಕ್ಕೆಂದರೆ, ಆಟದ ಹೊರಗೆ, ನಮ್ಮ ಹೆಸರಿನಲ್ಲಿ ಹೋಗುವ ಸೈನ್ಯಗಳೂ ಒಂದೊಂದು ದಿನ ಗೆಲ್ಲುತ್ತವೆ, ಮತ್ತು ಆ ದಿನ ನಾವು ಏನನ್ನು ಹೊಗಳುತ್ತೇವೋ ಅದೇ ನಮ್ಮ ಶಾಸನವಾಗಿ ಉಳಿಯುತ್ತದೆ.